ಬ್ಯಾರನ್ ಬಾಗಿಲಿನ ತೊಗಲು

ನಮ್ಮ ಮನೆಗೆ ಮೊದಲ ಸಲ ಬಂದವರು ಯಾರೇ ಆಗಲಿ, ಕಾಫಿ ಕುಡಿದು ಹಿತ್ತಿಲ ಕಡೆ ಒಂದು ಸುತ್ತು ಬಂದರೆ ಬ್ಯಾರನ್ ಎನ್ನುವ, ಹೊಗೆಸೊಪ್ಪು ಬೇಯಿಸುವ ಹೆಂಚಿನ ಕಟ್ಟಡದ ಮುಂದೆ ನಿಂತೇ ನಿಲ್ಲುತ್ತಾರೆ. ಅದರ ಬಾಗಿಲಿನ ಬಲ ಅಂಚಿಗೆ, ಮೇಲಿನಿಂದ ಕೆಳಗಿನವರೆಗೂ, ನಾಲ್ಕು ಬೆರಳಗಲದ ಒಂದು ಪಟ್ಟಿ ಅಂಟಿಕೊಂಡಿದೆ. ಒಂದು ಕಾಲಕ್ಕೆ ಕಿತ್ತಳೆ ಬಣ್ಣದ್ದು. ಈಗ ಹೊಗೆ ಕುಡಿದು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮೇಲಿನಿಂದ ಕೆಳಕ್ಕೆ ಸವರಿದರೆ ಎಮ್ಮೆಗರುವಿನ ಕತ್ತಿನಷ್ಟು ನುಣುಪು, ಕೆಳಗಿನಿಂದ ಮೇಲಕ್ಕೆ ಸವರಿದರೆ ಕೈಗೆ ತಡೆಯುತ್ತದೆ. ಬಂದವರು ಹಾಗೊಮ್ಮೆ ಹೀಗೊಮ್ಮೆ ಸವರಿ, ದನಿ ತಗ್ಗಿಸಿ, "ಯಾವ್ ಪ್ರಾಣೀದು?" ಎಂದು ಕೇಳುತ್ತಾರೆ. ನಾಗರಹೊಳೆ ಕಾಡು ಪಕ್ಕದಲ್ಲೇ ಇರುವ ನಮ್ಮ ಸೀಮೆಯಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ನನ್ನ ಹೆಂಡತಿ ಗೌರಿಯ ಕಡೆಯ ನೆಂಟರೊಬ್ಬರು ಅರಣ್ಯ ಇಲಾಖೆಯವರು. ಅವರಂತೂ ಊಟಕ್ಕೆ ಬಂದವರು ಆ ಪಟ್ಟಿಯನ್ನು ಮೂಸಿ ನೋಡಿ, ಒಂದು ಕೂದಲು ಕಿತ್ತು ಜೇಬಿಗೆ ಹಾಕಿಕೊಂಡು ಹೋದರು.

ಯಾವ ಪ್ರಾಣಿಯದೂ ಅಲ್ಲ ಸ್ವಾಮಿ, ಅದು ಬಟ್ಟೆ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿರುತ್ತವಲ್ಲ, ಅವುಗಳ ಅಡಿಗೆ ಅಂಟಿಸುವ ಪಟ್ಟಿ. ಸ್ಕೀ ಎಂದರೆ ಇಳಿಯುವುದು ಎಂದು ಎಲ್ಲರಿಗೂ ಗೊತ್ತು. ಇಳಿಯಬೇಕಾದರೆ ಮೊದಲು ಯಾರೋ ಹತ್ತಬೇಕು ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಈ ಪಟ್ಟಿಯನ್ನು ಹಲಗೆಯ ಅಡಿಗೆ ಮೆತ್ತಿಕೊಂಡರೆ ಹಲಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಾಗೆ ಹೆಜ್ಜೆ ಹೆಜ್ಜೆಗೂ ಬೆಟ್ಟ ಹತ್ತಿ, ತುದಿಯಲ್ಲಿ ಪಟ್ಟಿ ಕಿತ್ತು ಮಡಚಿ, ಅದರ ಅಂಟು ತಣ್ಣಗಾಗದಿರಲಿ ಎಂದು ಅಂಗಿಯೊಳಗೆ ಎದೆಗಿಟ್ಟುಕೊಂಡು, ಇಳಿದು ಬರುವುದು. ನಾನು ಮತ್ತು ತಾಶಿ ಅದನ್ನು ತೊಗಲು ಎನ್ನುತ್ತಿದ್ದೆವು.

ತಾಶಿ ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನವನು. ಅವರ ಮುಸುಕಿನ ಜೋಳದ ಹೊಲಕ್ಕೂ ನಮ್ಮ ಹೊಗೆಸೊಪ್ಪಿನ ಹೊಲಕ್ಕೂ ನಡುವೆ ಒಂದೇ ಬದು. ನಮ್ಮ ಹೊಲದ ಆಳುಗಳ ಜೊತೆ ಮಾತಾಡುತ್ತ ಬೆಳೆದವನಾದ್ದರಿಂದ ಅವನ ಕನ್ನಡ ನನ್ನದಕ್ಕಿಂತ ಪಿರಿಯಾಪಟ್ಟಣದ್ದು. ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಎಲ್ಲರ ಕಣ್ಣಿಗೂ ಚುಚ್ಚುತ್ತಿದ್ದಾಗ, ಅವನು ಹಿಮಾಚಲದ ಒಂದು ಪರ್ವತಾರೋಹಣದ ಶಾಲೆಗೆ ಹೊರಟಿದ್ದ. "ನೀನೂ ಬಾರ್ಲಾ, ಇಲ್ಲಿದ್ದು ಏನ್ ಕಡಿದು ಗುಡ್ಡೆ ಆಕಿಯಾ" ಎಂದ. ಅಪ್ಪ ಒಂದೇ ಒಂದು ಮಾತು ಕೇಳಿದರು: "ಸೊಪ್ಪು ಮುರಿಯೋ ಒತ್ಗೆ ಬತ್ತೀಯಲ್ಲ?" ಬರುತ್ತೇನೆ ಎಂದೆ. ಬರಲಿಲ್ಲ. ಇಪ್ಪತ್ತಕ್ಕೆ ಹೋದವನು ಇಪ್ಪತ್ತೇಳರವರೆಗೂ ಅಲ್ಲಿಯೇ ಇದ್ದೆ. ಮೊದಲು ಕಲಿಯುವವನಾಗಿ, ಆಮೇಲೆ ಕಲಿಸುವವರ ಹಗ್ಗ ಹೊರುವವನಾಗಿ, ಕೊನೆಗೆ ನಾಲ್ಕು ಜನರನ್ನು ಹಿಂದೆ ಕಟ್ಟಿಕೊಂಡು ಹೋಗುವವನಾಗಿ.

ಮೊದಲ ದಿನದ ಕಥೆ ಹೇಳಲೇಬೇಕು. ನಮ್ಮ ಮೇಷ್ಟ್ರು ಸಾಲಿನಲ್ಲಿ ನಿಂತವರನ್ನು ನೋಡುತ್ತ ಬಂದು ತಾಶಿಯ ಮುಖ ಕಂಡೊಡನೆ, "ನಿನಗೇನು ಹೇಳಿಕೊಡುವುದು, ನೀನು ಮುಂದೆ ನಡೆ" ಎಂದರು. ತಾಶಿ ಹುಟ್ಟಿದ್ದು ಜೋಳದ ಹೊಲದ ಅಂಚಿನಲ್ಲಿ. ಆವತ್ತಿನ ತನಕ ಅವನು ಕಂಡಿದ್ದ ಹಿಮವೆಂದರೆ ನಮ್ಮೂರ ಪಕ್ಕದ ಕೊಪ್ಪದ ಐಸ್‌ಕ್ಯಾಂಡಿ ಡಬ್ಬಿಯ ಒಳಗಿನದು. ದೊಡ್ಡವರ ಮಾತಿಗೆ ಎದುರಾಡುವುದು ಹೇಗೆಂದು ಮುಂದೆ ಹೋದ, ಮೂರನೆಯ ಹೆಜ್ಜೆಗೆ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ. ನನ್ನದು ಇನ್ನೊಂದು ಬಗೆ. ಹಲಗೆಯನ್ನು ಎತ್ತಬಾರದು, ಎಳೆಯಬೇಕು. ಆದರೆ ಹೊಲದ ಕೆಸರಿನಲ್ಲಿ ನಡೆದು ಬೆಳೆದವನಿಗೆ ಕಾಲನ್ನು ಮೊಣಕಾಲಿನವರೆಗೆ ಕಿತ್ತು ಇಡುವುದೇ ನಡಿಗೆ. ಒಂದು ವಾರ ಕೊಕ್ಕರೆಯ ಹಾಗೆ ನಡೆದೆ. ಮೇಷ್ಟ್ರು ನನ್ನನ್ನು ಉಳಿದವರಿಗೆ ತೋರಿಸಿ, ಹೀಗೆ ನಡೆಯಬಾರದು ಎಂದು ಪಾಠ ಮಾಡುತ್ತಿದ್ದರು. ನಾನೂ ಉಪಯೋಗಕ್ಕೆ ಬಂದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಲ್ಲಿಂದ ಊರಿಗೆ ಒಂದು ಫೋಟೋ ಕಳಿಸಿದ್ದೆ. ಆ ಎತ್ತರದಲ್ಲಿ ಬಿಸಿಲು ಮೇಲಿನಿಂದ ಒಂದು ಸಲ, ಹಿಮದಿಂದ ಚಿಮ್ಮಿ ಇನ್ನೊಂದು ಸಲ ಸುಡುತ್ತದೆ. ಅದಕ್ಕೆ ಹಣೆ, ಮೂಗು, ಕೆನ್ನೆಗೆಲ್ಲ ಬಿಳಿಯ ಮುಲಾಮು ಬಳಿದುಕೊಳ್ಳುತ್ತೇವೆ. ಅವ್ವ ಫೋಟೋ ನೋಡಿ ಕಣ್ಣೀರು ಹಾಕಿಕೊಂಡಳಂತೆ. "ನೋಡ್ರವ್ವ, ಅಷ್ಟು ದೂರ ಓದ್ರೂ ನನ್ ಮಗ ಮುಖದ್ ತುಂಬ ಇಬೂತಿ ಇಕ್ಕವ್ನೆ" ಎಂದು ಕೇರಿಗೆಲ್ಲ ತೋರಿಸಿಕೊಂಡು ಬಂದು, ದೇವರ ಗೂಡಿನಲ್ಲಿ ಒರಗಿಸಿಟ್ಟಳು. ಈಗಲೂ ಅದು ಅಲ್ಲಿಯೇ ಇದೆ. ಮುಲಾಮು ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ರಜೆಯಲ್ಲಿ ಮನೆಗೆ ಬಂದಾಗ ಮಾತ್ರ ಮುಲಾಮಿನ ಕೆಲಸ ಬಯಲಾಗುತ್ತಿತ್ತು. ಹಿಮದ ದೇಶಕ್ಕೆ ಹೋದವನು ಸೀಮೆ ಬಸವನಂತೆ ಬೆಳ್ಳಗಾಗಿ ಬರುತ್ತಾನೆಂದು ಕಾದಿದ್ದ ಊರಿಗೆ, ಕಣ್ಣಿನ ಸುತ್ತ ಎರಡು ಬಿಳಿ ಬಳೆ ಬಿಟ್ಟು ಉಳಿದದ್ದೆಲ್ಲ ಕಾವಲಿಯ ತಳದಂತಾದ ಮುಖ ಕಾಣಿಸುತ್ತಿತ್ತು. ಇವನು ಎಲ್ಲೋ ರಸ್ತೆಗೆ ಡಾಂಬರು ಹಾಕುವ ಕೆಲಸದಲ್ಲಿದ್ದಾನೆ ಎಂಬ ಸುದ್ದಿ ಬಿಳಿಕೆರೆಯ ನೆಂಟರ ತನಕ ಹೋಗಿತ್ತು.

ನಾನು ಹಂಬಲಿಸುವುದು ಚಳಿಗಾಲದ ಹಿಮವನ್ನಲ್ಲ. ಚಳಿಗಾಲದಲ್ಲಿ ಅದು ಹಿಟ್ಟು, ನಂಬಿಕೆಗೆ ಯೋಗ್ಯವಲ್ಲ, ಯಾವಾಗ ಜರಿದು ಮೈಮೇಲೆ ಬರುತ್ತದೋ ಹೇಳಲಾಗದು. ಎತ್ತರದ ಹಿಮನದಿಗಳಿಗೆ, ಅವುಗಳ ಮೇಲಿನ ಶಿಖರಗಳಿಗೆ ಹೋಗುವ ಕಾಲ ಬರುವುದು ಎಲ್ಲರೂ ಸ್ಕೀ ಕಟ್ಟಿಟ್ಟು ಮನೆಗೆ ಹೋದ ಮೇಲೆ. ಏಪ್ರಿಲ್ ಕೊನೆ, ಮೇ ತಿಂಗಳು. ಆಗ ಹಿಮ ಕೂತು, ಇಳಿದು, ಗಟ್ಟಿಯಾಗಿರುತ್ತದೆ. ಮೋಡವಿಲ್ಲದ ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ನಾವು ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದೆವು, ಬಿರುಕುಗಳ ನಡುವೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು. ಮಾತಿಲ್ಲ. ತೊಗಲು ಹಿಮವನ್ನು ಸವರುವ ಸದ್ದು, ಸರ್ರ್ ಸರ್ರ್, ಅಷ್ಟೇ. ಜೇಬಿನಲ್ಲಿ ಅವ್ವ ಕಳಿಸಿದ ರಾಗಿ ಹುರಿಟ್ಟು, ಬೆಲ್ಲ. ಬಿಸಿಲು ಬಿದ್ದ ಮೇಲೆ ಆ ಕಲ್ಲು ಮೇಲಿನಿಂದ ಸಡಿಲುತ್ತ ಬರುತ್ತದೆ. ಎಂಟೂವರೆ, ಒಂಬತ್ತರ ಹೊತ್ತಿಗೆ ಮೇಲಿನ ಎರಡು ಬೆರಳಷ್ಟು ಮಾತ್ರ ದಪ್ಪ ಉಪ್ಪಿನ ಹರಳಿನಂತೆ ಉದುರುದುರಾಗಿ, ಕೆಳಗೆ ಇನ್ನೂ ಗಟ್ಟಿಯಾಗಿ ಇರುತ್ತದೆ. ಅದು ಹದ. ಅರ್ಧ ಗಂಟೆ ಇರುತ್ತದೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಮೇಲಿನಿಂದ ಹಲಗೆ ಬಿಟ್ಟರೆ, ಏನು ಹೇಳಲಿ, ಮೈಗೆ ತೂಕವೇ ಇರುವುದಿಲ್ಲ. ಹದ ಮೀರಿದರೆ ಅದೇ ಹಿಮ ಅಂಬಲಿಯಾಗುತ್ತದೆ, ಬಿರುಕುಗಳ ಮೇಲೆ ಮುಚ್ಚಿಕೊಂಡಿರುವ ಹಿಮದ ಸೇತುವೆಗಳು ಮೆತ್ತಗಾಗುತ್ತವೆ, ಮೇಲಿನ ಇಳಿಜಾರು ಕಳಚಿಕೊಳ್ಳುತ್ತದೆ. ಅದಕ್ಕೇ ಒಂಬತ್ತಕ್ಕೆ ಎಲ್ಲಿದ್ದರೂ ತಿರುಗಬೇಕು ಎನ್ನುವುದು ನಮಗೆ ಹಾಕಿದ ಕಟ್ಟು.

ಹಿಮನದಿಯ ತಲೆಯಲ್ಲಿ ಒಂದು ಶಿಖರವಿತ್ತು. ನಕ್ಷೆಯಲ್ಲಿ ಹೆಸರಿಲ್ಲ, ಎತ್ತರದ ಸಂಖ್ಯೆ ಮಾತ್ರ. ಅದನ್ನು ಮೊದಲ ಸಲ ಕಂಡಾಗ ತಾಶಿ ನಿಂತುಬಿಟ್ಟ. "ನೋಡ್ಲಾ, ನಮ್ ಬೆಟ್ಟದಪುರ" ಎಂದ. ಹೌದು, ಅದೇ ಗೋಪುರದ ಆಕಾರ, ಎಡಗಡೆ ಅದೇ ಸಣ್ಣ ಭುಜ. ನಮ್ಮ ಹೊಲದಲ್ಲಿ ಸೊಂಟ ನೆಟ್ಟಗೆ ಮಾಡಿದರೆ ಕಾಣುವ ಬೆಟ್ಟಕ್ಕೆ ಯಾರೋ ಸುಣ್ಣ ಹೊಡೆದು ಅಲ್ಲಿಗೆ ತಂದಿಟ್ಟಂತಿತ್ತು. ಆವತ್ತಿನಿಂದ ಅದರ ಹೆಸರು ಬೆಟ್ಟದಪುರ. ಇಬ್ಬರೂ ಒಟ್ಟಿಗೆ ಹತ್ತಬೇಕು ಎಂದು ಮಾತಾಯಿತು.

ಒಂದು ಮೇ ತಿಂಗಳಲ್ಲಿ ಎರಡು ದಿನ ರಜೆ ಸಿಕ್ಕಿತು. ಮೇಷ್ಟ್ರ ಅಪ್ಪಣೆ ಪಡೆದು ಇಬ್ಬರೇ ಹೋದೆವು. ಹಿಂದಿನ ರಾತ್ರಿ ಸ್ವಲ್ಪ ಮೋಡ ಕವಿದಿದ್ದರಿಂದ ಹಿಮ ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ. ಒಂಬತ್ತು ಗಂಟೆಗೆ ತುದಿ ಕಣ್ಣೆದುರಿಗೇ ಇತ್ತು, ತಾಶಿಯ ಜೋಳದ ಹೊಲದ ಉದ್ದದಷ್ಟು ದೂರ. ಅವನು ಕೈಕೋಲನ್ನು ಹಿಮಕ್ಕೆ ಊರಿದ. ಅದು ಅರ್ಧಕ್ಕೂ ಹೆಚ್ಚು ಒಳಗೆ ಹೋಯಿತು.

"ತಿರುಗು" ಎಂದ.

"ಅತ್ತೇ ಅತ್ತು ನಿಮ್ಸ ಕಣ್ಲಾ" ಎಂದೆ.

"ನಾಳೆ ಬರನ. ಬೆಟ್ಟ ಎಲ್ಗೋದದು?"

ಇಳಿಯುವಾಗ ನಾನು ಅವನ ಜೊತೆ ಮಾತು ಬಿಟ್ಟೆ. ಆದರೆ ಅವನು ಹತ್ತಿ ಬಂದ ದಾರಿ ಬಿಟ್ಟು ಪಡುವಣ ಮಗ್ಗುಲಿಗೆ ಕರೆದುಕೊಂಡು ಹೋದ. ಅಲ್ಲಿಗೆ ಬಿಸಿಲು ತಡವಾಗಿ ಬಂದಿತ್ತು. ಹಿಮ ಸರಿಯಾದ ಹದಕ್ಕೆ ಬಂದಿತ್ತು. ನನ್ನ ಆಯಸ್ಸಿನಲ್ಲಿ ಅಂಥ ಇಳಿತ ಇನ್ನೊಂದಿಲ್ಲ. ಮೇಲಿನಿಂದ ಕೆಳಗಿನವರೆಗೆ ನನ್ನ ಬಾಯಿ ಕಿವಿಯ ತನಕ ಹಿಗ್ಗಿತ್ತು. ಸಿಟ್ಟಿನಲ್ಲಿದ್ದೇನೆಂದು ಅವನಿಗೆ ಗೊತ್ತಿರಬೇಕಲ್ಲ, ಅದಕ್ಕೆ ನಗು ಕಾಣಿಸದ ಹಾಗೆ ಅವನಿಗಿಂತ ಮುಂದೆ ಮುಂದೆಯೇ ಇಳಿದೆ.

ಬಿಡಾರಕ್ಕೆ ಬಂದರೆ ಊರಿನಿಂದ ಫೋನು ಬಂದಿತ್ತು. ಮಳೆಗೆ ಮುಂಚೆ ಬ್ಯಾರನ್ನಿನ ಹೆಂಚು ಕೈಯಾಡಿಸಲು ಹತ್ತಿದ್ದ ಅಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಭರಣಿ ಮಳೆ ಹುಯ್ದು ಹೊಲ ಹದವಾಗಿತ್ತು, ಮಡಿಯಲ್ಲಿ ಸಸಿ ಬಲಿತು ನಿಂತಿತ್ತು, ನಾಟಿ ಮಾಡಿಸಲು ಮನೆಯಲ್ಲಿ ಗಂಡಸಿರಲಿಲ್ಲ. ಅವತ್ತೇ ಗಂಟು ಕಟ್ಟಿದೆ. ಬಸ್ಸಿನವರೆಗೆ ಬಂದ ತಾಶಿ ನನ್ನ ಸ್ಕೀ ಹಲಗೆಗಳನ್ನು ತಾನೇ ಹಿಡಿದುಕೊಂಡು, "ನಿನ್ ಅಲ್ಗೆ ನಾನ್ ಮಡಗಿರ್ತೀನಿ" ಎಂದ. "ಈ ಒಂದ್ ನಾಟಿ ಮುಗ್ಸಿ ಬತ್ತೀನಿ, ಮುಂದಿನ್ ವರ್ಸ ಅತ್ತನ" ಎಂದೆ.

ಅವಸರದಲ್ಲಿ ಒಂದು ತೊಗಲು ನನ್ನ ಅಂಗಿಯೊಳಗೇ ಉಳಿದು ಊರಿಗೆ ಬಂತು. ಅದರ ಜೋಡಿ ಅಲ್ಲಿ ಉಳಿಯಿತು. ಅವ್ವ ಅಂಗಿ ಒಗೆಯುವಾಗ ಕಂಡು, ಅಂಟು ನೋಡಿ ಮೆಚ್ಚಿ, ಕಾವು ಸೋರುತ್ತಿದ್ದ ಬ್ಯಾರನ್ ಬಾಗಿಲಿನ ಸಂದಿಗೆ ಮೆತ್ತಿದಳು. ಆ ವರ್ಷ ಸೊಪ್ಪು ಬೇಯಿಸಿದ ಕಾವಿಗೆ ಅಂಟು ಕರಗಿ ಮರದೊಳಕ್ಕೆ ಇಳಿದು, ಮತ್ತೆ ಕೀಳಲು ಬರದಂತಾಯಿತು. ನಾನು ಕೂಗಾಡಿದೆ. ಅವ್ವ ಸಮಾಧಾನದಿಂದ, "ಇನ್ನೊಂದಿದ್ರೆ ಎಡ್ಗಡೀಕೂ ಆಕ್ಬೋದಿತ್ತು ಕಣಪ್ಪ" ಎಂದಳು.

ಇದಾಗಿ ಇಪ್ಪತ್ತಮೂರು ವರ್ಷ. ಅಪ್ಪ ಮತ್ತೆ ಹೊಲಕ್ಕೆ ಇಳಿಯುವಂತಾಗಲಿಲ್ಲ, ನಾನು ಇಲ್ಲಿಯೇ ಉಳಿದೆ. ಒಂದು ಸಂಗತಿ ನನಗೆ ಊರಿಗೆ ಬಂದ ಮೇಲೆಯೇ ತಿಳಿದದ್ದು. ಅಲ್ಲಿ ಹಿಮ ಹದಕ್ಕೆ ಬರುವ ಕಾಲವೂ ಇಲ್ಲಿ ಹೊಗೆಸೊಪ್ಪು ನೆಡುವ ಕಾಲವೂ ಒಂದೇ. ಇಲ್ಲಿ ಮೊದಲ ಮಳೆಗೆ ಮಣ್ಣಿನ ವಾಸನೆ ಏಳುತ್ತಿದ್ದಂತೆ ನನಗೆ ಮೂಗಿನಲ್ಲಿ ಹಿಮದ ಚಳಿ ಚುರುಗುಟ್ಟುತ್ತದೆ. ಪ್ರತಿ ವರ್ಷ ಮೊದಲ ಮಳೆ ಬಂದ ದಿನ ತಾಶಿಗೆ ಫೋನು ಮಾಡುವುದು ರೂಢಿಯಾಯಿತು, ಮೊದಲು ಕೊಪ್ಪದ ಎಸ್‌ಟಿಡಿ ಅಂಗಡಿಯಿಂದ, ಆಮೇಲೆ ಮೊಬೈಲಿನಿಂದ. "ಮಳೆ ಬಂತು ಕಣ್ಲಾ" ಎಂದು ನಾನು. "ಎಂಗೈತೆ ಇಮ?" ಎಂದು ಕೇಳುವುದೂ ನಾನೇ. ಅವನು ಹೇಳುತ್ತಿದ್ದ: ರಾತ್ರಿ ಹೆಪ್ಪುಗಟ್ಟಿದೆಯೋ ಇಲ್ಲವೋ, ಹದ ಎಷ್ಟು ಗಂಟೆಗೆ ಬರುತ್ತಿದೆ, ಯಾವ ಬಿರುಕು ಬಾಯಿ ಬಿಟ್ಟಿದೆ. ನಾನು ಸಸಿಯ ಮಡಿಯ ಪಕ್ಕದಲ್ಲಿ ಕೆಸರುಗಾಲಲ್ಲಿ ನಿಂತು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಕೊನೆಗೆ ಅವನು, "ಯಾವಾಗ್ ಬತ್ತೀಯ?" ಎನ್ನುವುದು, ನಾನು "ಮುಂದಿನ್ ವರ್ಸ" ಎನ್ನುವುದು.

ನಾಟಿಯಿಂದಾಗಿ ಹೋಗಲಾಗಲಿಲ್ಲ ಎಂದು ಹೇಳಿ ಇಲ್ಲಿಗೆ ಮುಗಿಸಿದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಆದರೆ ಹನ್ನೆರಡು ವರ್ಷದ ಹಿಂದೆಯೇ ಗೌರಿ ಹೇಳಿದ್ದಳು. "ಒಂದ್ಸಲ ಓಗ್ಬನ್ನಿ. ನಾಟಿ ನಾನ್ ಮಾಡುಸ್ತೀನಿ. ಮಳೆ ಬಂದಾಗ್ಲೆಲ್ಲ ನಿಮ್ ಮುಖ ನೋಡಕ್ಕಾಗಲ್ಲ." ನಾನು ಸಸಿಗೆ ರೋಗ ಎಂದೆ. ಮುಂದಿನ ವರ್ಷ ಆಳು ಸಿಕ್ಕುವುದಿಲ್ಲ ಎಂದೆ. ಅದರ ಮುಂದಿನ ವರ್ಷ ನೆಪ ಸಿಗದೆ, ತೊಗಲು ಒಂದೇ ಇರುವುದು, ಅದೂ ಬಾಗಿಲಿಗೆ ಅಂಟಿಕೊಂಡಿದೆ ಎಂದೆ. ಅವಳು ನನ್ನನ್ನು ನೋಡಿದಳು, ಆಮೇಲೆ ಆ ಮಾತು ಎತ್ತಲಿಲ್ಲ. ನಿಜ ಏನೆಂದರೆ ನನಗೆ ಹೆದರಿಕೆ. ಹೊಟ್ಟೆ ಬಂದಿತ್ತು, ಉಸಿರು ಕುಗ್ಗಿತ್ತು. ಅಲ್ಲಿಗೆ ಹೋಗಿ ಮತ್ತೆ ಕೊಕ್ಕರೆಯಂತೆ ನಡೆದರೆ, ಆ ಪಡುವಣ ಮಗ್ಗುಲಿನ ಇಳಿತವೂ ನನ್ನಿಂದ ಹೋಗಿಬಿಡುತ್ತದೆ ಎಂದು. ಹೋಗದಿದ್ದರೆ ಅದು ಉಳಿಯುತ್ತದೆ. ತಾಶಿ ಅಲ್ಲಿದ್ದಾನೆ, ಹಲಗೆ ಅಲ್ಲಿದೆ, ಬೆಟ್ಟ ಎಲ್ಲಿಗೆ ಹೋಗುತ್ತದೆ. ಅಷ್ಟರಲ್ಲೇ ಬೆಚ್ಚಗಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದು ಒಂದು ತಿಂಗಳಿಗೆ ತಾಶಿ ಬಂದೇ ಬಿಟ್ಟ. ಪೂರ್ತಿಯಾಗಿ. ಎರಡೂ ಮಂಡಿ ಸವೆದು ಹೋಗಿ, ಡಾಕ್ಟರು ಇನ್ನು ಹಲಗೆ ಕಟ್ಟಬೇಡ ಎಂದಿದ್ದರು. ಕ್ಯಾಂಪಿನಲ್ಲಿ ಅಕ್ಕನ ಮನೆಯಲ್ಲಿ ಇಳಿದುಕೊಂಡು, ಮಾರನೆಯ ದಿನ ಬದು ದಾಟಿ ನಮ್ಮ ಮನೆಗೆ ಬಂದ. ಬದು ಇಳಿಯುವಾಗ ಅಡ್ಡಡ್ಡವಾಗಿ ಇಳಿದ. ಹೆಗಲ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಕಟ್ಟು.

"ಯಾರಪ್ಪ, ತಾಶಿನಾ? ತಲೆ ಎಲ್ಲ ಬೆಳ್ಳಗಾಗೈತಲ್ಲೋ ಮಗ" ಎಂದಳು ಅವ್ವ.

"ಇಮ ಕಣವ್ವ, ಕೊಡವಿದ್ರೂ ಓಗ್ನಿಲ್ಲ" ಎಂದ.

ಗೋಣಿತಾಟು ಬಿಚ್ಚಿದ. ನನ್ನ ಹಲಗೆಗಳು. ತುದಿಯಲ್ಲಿ ನಾನು ಗೀಚಿದ್ದ ನನ್ನ ಹೆಸರಿನ 'ಮಾ' ಅಕ್ಷರ ಹಾಗೆಯೇ ಇತ್ತು. ಅಡಿಗೆ ಹೊಸದಾಗಿ ಮೇಣ ಹಚ್ಚಿ ಉಜ್ಜಿತ್ತು. ನೀನು ಎಷ್ಟು ವರ್ಷಕ್ಕೊಮ್ಮೆ ಹಚ್ಚುತ್ತಿದ್ದೆ ಎಂದು ಕೇಳಿದೆ. "ವರ್ಸಾವರ್ಸ. ನೀನ್ ಫೋನ್ ಮಾಡಿದ್ ದಿನ" ಎಂದ. ಮಡಚಿಟ್ಟ ಇನ್ನೊಂದು ತೊಗಲನ್ನೂ ತಂದಿದ್ದ, ಕಿತ್ತಳೆ ಬಣ್ಣ ಒಂಚೂರೂ ಮಾಸಿರಲಿಲ್ಲ. ಅವ್ವ ಅದನ್ನು ಕೈಗೆ ತೆಗೆದುಕೊಂಡು, "ಅಂತೂ ತಂದ್ಯಲ್ಲ ಮಗ, ಎಡ್ಗಡೆ ಸಂದಿ ಅಂಗೇ ಅದೆ" ಎಂದಳು. ತಾಶಿ ಬ್ಯಾರನ್ನಿನ ಬಾಗಿಲಿಗೆ ಹೋಗಿ ಹಳೆಯ ತೊಗಲನ್ನು ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ ಸವರಿ, ಬಹಳ ಹೊತ್ತು ನಕ್ಕ.

ಜಗಲಿಯ ಮೇಲೆ ಕೂತು ಗೌರಿ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಾಗ, ಇಷ್ಟು ವರ್ಷ ಫೋನಿನಲ್ಲಿ ಕೇಳಲಾರದೆ ಉಳಿಸಿಕೊಂಡಿದ್ದನ್ನು ಕೇಳಿದೆ. ಕೇಳದಿದ್ದದ್ದು ಹೊಟ್ಟೆಕಿಚ್ಚಿಗೆ, ಮುಚ್ಚುಮರೆ ಏಕೆ.

"ನಮ್ ಬೆಟ್ಟದಪುರ ಎಷ್ಟು ಸಲ ಅತ್ತಿದ್ಯಾ?"

"ಅದಾ? ಅತ್ನಿಲ್ಲ."

"ಒಂದ್ಸಲಾನೂವೇ?"

"ಬುಡ್ಲಾ. ನೀನು ಮುಂದಿನ್ ವರ್ಸ ಬತ್ತೀನಿ ಅಂದಿದ್ದಲ್ಲ." ಲೋಟ ಕೆಳಗಿಟ್ಟ. "ಬ್ಯಾರೆಯೋರ್ ಕರ್ದ್ರು. ನಾನೊಬ್ನೇ ಅತ್ಬುಟ್ರೆ ಆಮೇಲೆ ನೀನ್ ಬಂದಾಗ ಎಂಗೆ ಅಂತ ಓಗ್ನಿಲ್ಲ."

ಆಡಿಕೊಳ್ಳುವ ದನಿಯಲ್ಲ. ಹೊಲಕ್ಕೆ ಯಾಕೆ ನೀರು ಬಿಡಲಿಲ್ಲ ಎಂದರೆ ಕರೆಂಟು ಇರಲಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದ. ಇಪ್ಪತ್ತಮೂರು ಸಲ ನಾನು ಆ ಮಾತು ಹೇಳಿದ್ದು ನನ್ನ ಎದೆ ಹಗುರ ಮಾಡಿಕೊಳ್ಳಲು. ಅವನು ಇಪ್ಪತ್ತಮೂರು ಸಲವೂ ಅದನ್ನು ನಂಬಿ, ಮೇಣ ಹಚ್ಚಿ, ಕಣ್ಣೆದುರಿನ ಬೆಟ್ಟವನ್ನು ಬಿಟ್ಟುಕೊಟ್ಟು ಕಾದಿದ್ದ. ಈಗ ಅವನ ಮಂಡಿ ಹೋಗಿದೆ. ಕ್ಷಮಿಸು ಎನ್ನಬೇಕೆಂದುಕೊಂಡೆ, ನಮ್ಮ ಮಾತಿನಲ್ಲಿ ಅದನ್ನು ಹೇಗೆ ಹೇಳುವುದೋ ಗೊತ್ತಾಗಲಿಲ್ಲ. ಮಜ್ಜಿಗೆ ಇನ್ನೊಂದು ಲೋಟ ಹಾಕಿಸಿದೆ.

ಭರಣಿ ಮಳೆ ಈ ಸಲ ತಡವಾಗಿ ಬಂತು. ಬಂದ ದಿನ ನಾನು ಮಡಿಯಿಂದ ಸಸಿ ಕೀಳಿಸುತ್ತಿದ್ದೆ. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು, ಫೋನು ಹೊರಬಂತು, ಅಲ್ಲೇ ನಿಂತಿತು. ಯಾರಿಗೆ ಮಾಡುವುದು, ಏನು ಕೇಳುವುದು? ಬದುವಿನ ಆಚೆ, ಜೋಳದ ಹೊಲ ದಾಟಿದರೆ ಅವನಿರುವ ಮನೆಯ ಹೆಂಚು ಕಾಣುತ್ತದೆ. ಅದರ ಮೇಲೂ ಇದೇ ಮಳೆ ಬೀಳುತ್ತಿತ್ತು. ಅಲ್ಲಿ ಮೇಲೆ ಹಿಮ ಹೇಗಿದೆ ಎಂದು ನನಗೆ ಹೇಳುವವರು ಇನ್ನು ಯಾರೂ ಇಲ್ಲ ಎಂದು ಆಗ ಗೊತ್ತಾಯಿತು. ಅಳು ಬಂತು. ಮಳೆಯಲ್ಲಿ ನಿಂತಿದ್ದರಿಂದ ಯಾರಿಗೂ ಕಾಣಲಿಲ್ಲ.

ಕೈಯಲ್ಲಿದ್ದ ಫೋನು ತಾನಾಗಿಯೇ ಹೊಡೆದುಕೊಂಡಿತು.

"ಮಾದೇವ, ಮಳೆ ಬಂತು ಕಣ್ಲಾ" ಎಂದ ತಾಶಿ.

"ಊಂ, ಇಲ್ಲೂ" ಎಂದೆ.

ಅವನ ಕಡೆ ಹೆಂಚಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಅವನು ಕೇಳಿದ.

"ಎಂಗೈತ್ಲಾ ಇಮ?"

ನಾನು ತಲೆಯೆತ್ತಿದೆ. ಬೆಟ್ಟದಪುರದ ಬೆಟ್ಟ ಮಳೆಯಲ್ಲಿ ಮುಚ್ಚಿಹೋಗಿತ್ತು. "ರಾತ್ರಿ ಮೋಡ ಇರ್ನಿಲ್ಲ" ಎಂದೆ. "ಕಲ್ಲಂಗೆ ಎಪ್ಪುಗಟ್ಟೈತೆ."

"ತೊಗಲು ಇಡೀತದಾ?"

"ಇಡೀತದೆ. ಎರಡೂವೆ."

"ಟೈಮೆಷ್ಟು?"

"ಎಂಟೂಕಾಲು."

"ಎಷ್ಟ್ ದೂರ ಅದೆ?"

"ನಿಮ್ ಜೋಳದೊಲದಷ್ಟು."

ಅವನ ಉಸಿರು ಕೇಳಿಸಿತು, ಏರು ಹತ್ತುವಾಗಿನ ಹಾಗೆ. "ತಿರುಗನಾ?" ಎಂದ.

"ಬ್ಯಾಡ" ಎಂದೆ. "ಟೈಮ್ ಅದೆ. ನಡಿ."

ಬದುವಿನ ಮೇಲಿಂದ ಗೌರಿ ಕೂಗಿದಳು. "ಸಸಿ ತನ್ರೀ, ಎಂಗುಸ್ರು ಕಾಯ್ತಾವ್ರೆ." ನಾನು ತಡಿ ಎಂದು ಕೈ ಎತ್ತಿದೆ. ಅವಳು ನನ್ನ ಕಿವಿಯಲ್ಲಿದ್ದ ಫೋನು ನೋಡಿದಳು, ಜೋಳದ ಹೊಲದ ಆಚೆಯ ಹೆಂಚು ನೋಡಿದಳು, ಆಮೇಲೆ ತಾನೇ ಮಡಿಗೆ ಇಳಿದು ಸಸಿಯ ಬುಟ್ಟಿ ಎತ್ತಿಕೊಂಡಳು.

"ಮುಂದೆ ನೀನ್ ನಡಿ" ಎಂದ ತಾಶಿ.

"ಇಲ್ಲ ಕಣ್ಲಾ, ಒಟ್ಗೇ" ಎಂದೆ. ಕೆಸರಿನಿಂದ ಕಾಲನ್ನು ಎತ್ತದೆ, ಎಳೆದು ಮುಂದಿಟ್ಟೆ.